ಕಾಲುವೆಯ ಮೇಲ್ತುದಿಯಲ್ಲಿ ಯಾರಿದ್ದಾರೆ?

ಸಿರುಗುಪ್ಪದಲ್ಲಿ ಬಸ್ಸಿಳಿದು ಆಕಾಶ ನೋಡಿ ಹೆದರಿದೆ. ಶ್ರಾವಣ ಬಂದರೂ ಒಂದು ಮೋಡವಿಲ್ಲ, ಆದರೆ ಕರೂರಿನ ದಾರಿಯುದ್ದಕ್ಕೂ ಹಸಿರು ಭತ್ತ! ಮಂಗಳೂರಿನವರಾದ ನಮಗೆ ನೀರೆಂದರೆ ಮೇಲಿಂದ ಬೀಳುವುದು. ಇಲ್ಲಿ ಕಾಲುವೆಯಲ್ಲಿ ಬರುತ್ತದೆ, ಬಂದರೆ.

ನಾನು ಪಾದ್ರಿಯಾಗಲು ಓದುತ್ತಿರುವವನು. ಆಜೀವ ಸನ್ಯಾಸದ ಕೊನೆಯ ವ್ರತಕ್ಕೆ ಮೊದಲು ಕೆಲಕಾಲ ಹಳ್ಳಿಯಲ್ಲಿರು ಎಂದು ಗುರುಗಳು ಕರೂರಿಗೆ ಕಳಿಸಿದರು. ಮಂಡಕ್ಕಿಯ ವಗ್ಗರಣಿ, ಜತೆಗಿಷ್ಟು ಮಿರ್ಚಿ ಹೊಟ್ಟೆಗೆ ಒಗ್ಗಿದವು. ಹೆದರಿಕೆ ಮಾತ್ರ ಒಗ್ಗಲಿಲ್ಲ. ಪ್ರಾರ್ಥನೆಗೆ ಕೂತರೆ ಒಳಗೆ ಏನೂ ಹರಿಯುತ್ತಿರಲಿಲ್ಲ. ಇಂಥವನು ವ್ರತ ತೊಡುವುದೇ?

ನಂಬಿಕೆಗೆ ಆಸರೆಯಾಗಿ ಉಳಿದಿದ್ದುದು ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ಒಂದು ತರ್ಕ. ಅದನ್ನು ನಾನಿದ್ದ ಮನೆಯ ಒಡತಿ ಹುಲಿಗೆಮ್ಮನಿಗೆ ಠೀವಿಯಿಂದ ವಿವರಿಸಿದೆ:

"ನಿಮ್ಮ ಗದ್ದೆಗೆ ನೀರು ಕಿರುಗಾಲುವೆಯಿಂದ, ಅದಕ್ಕೆ ದೊಡ್ಡ ಕಾಲುವೆಯಿಂದ. ಹಿಂದೆ ಹಿಂದೆ ಹೋದರೆ, ಯಾರಿಂದಲೂ ಪಡೆಯದೆ ಕೊಡುವ ಮೊದಲನೆಯವನೊಬ್ಬ ಇರಲೇಬೇಕಲ್ಲ ಅಮ್ಮ? ಅವನೇ ದೇವರು."

"ಹೌದೌದ್ರಿ," ಎಂದಳು.

ಮರುವಾರ ನೀರು ನಿಂತಿತು. ಅವಳದು ಕಾಲುವೆಯ ಕೊನೆಯ ಹೊಲ. ನೀರು ತಪ್ಪಿದರೆ ಇಲ್ಲಿಯವರು ಕಾಲುವೆ ಹಿಡಿದು ಮೇಲಕ್ಕೆ ಹುಡುಕುತ್ತ ಹೋಗುತ್ತಾರೆ. ಅವಳ ಜತೆ ಟ್ರ್ಯಾಕ್ಟರಿನಲ್ಲಿ ನಾನೂ ಹೋದೆ. ಪ್ರತಿ ಗೇಟಿನಲ್ಲೂ ಒಂದೇ ಮಾತು: "ಮ್ಯಾಲಿಂದ ಬಂದಿಲ್ರಿ, ಮುಂದ ಕೇಳ್ರಿ." ಮೇಲ್ತುದಿ ಮುಟ್ಟುವ ಮೊದಲೇ ಹೊತ್ತಿಳಿಯಿತು, ಹಿಂತಿರುಗಿದೆವು.

"ಏನ್ರಿ ಬ್ರದರ್, ನಿಮ್ಮ ಮೊದಲ್ನೇವ ಎಲ್ಲಿ ಕುಂತಾನ್ರಿ?" ಎಂದು ಹುಲಿಗೆಮ್ಮ ಕಿಚಾಯಿಸಿದಳು.

ನಿಮಗೂ ನಗು ಬರಬಹುದು. ನನಗೆ ಭಯವಾಯಿತು. ನೀರು ಹರಿಯುತ್ತಿದ್ದರೆ ಮೂಲ ಇರಲೇಬೇಕು, ಒಪ್ಪಿದೆ. ಒಣಗಿದ ಕಾಲುವೆ ಏನನ್ನು ಸಾಬೀತು ಮಾಡುತ್ತದೆ? ಅಯ್ಯೋ ದೇವರೇ ಎಂದುಕೊಂಡೆ, ಆ ಮಾತಿಗೂ ಹೆದರಿದೆ.

ಹೊಲ ತಲುಪಿದವಳೇ ಸಲಿಕೆ ಹಿಡಿದು ಬದುವಿನ ಮಣ್ಣು ಬಿಡಿಸಿ ನೀರಿನ ದಾರಿ ತೆರೆದಳು.

"ನೀರೇ ಇಲ್ಲವಲ್ಲ ಅಮ್ಮ?"

"ಬಂದಾಗ ಹೊಲದ ಬಾಯಿ ಮುಚ್ಚಿದ್ರ ನಮಗ ದಕ್ಕಂಗಿಲ್ರಿ. ಎಲ್ಲಾರೂ ಮೊದ್ಲ ತೆರದ ಇಡ್ತೀವಿ."

"ಬರುತ್ತದೆ ಅಂತ ಖಾತ್ರಿಯೇ?"

"ಯಾರಿಗ್ ಗೊತ್ರಿ! ನಂಗೂ ಅಂಜಿಕಿ ಐತಿ." ಮತ್ತೊಂದು ಸಲಿಕೆ ಮಣ್ಣು ಎತ್ತಿ ಹಾಕಿದಳು.

ಮರುದಿನ ಗುರುಗಳ ಫೋನು ಬಂತು. ಅವರ ಮಾತಿನ ಹಿಂದೆ ನಮ್ಮೂರಿನ ಮಳೆ ಧೋ ಎನ್ನುತ್ತಿತ್ತು. ನನ್ನ ಮುಂದೆ ಕಾಲುವೆ ಇನ್ನೂ ಒಣಗಿತ್ತು.

"ವ್ರತಕ್ಕೆ ಬರುತ್ತೀಯಲ್ಲ? ಸಂಶಯವೇನಿಲ್ಲ ತಾನೇ?"

"ಅಂಜಿಕಿ ಐತ್ರಿ ಫಾದರ್. ಆದ್ರ ಬರ್ತೀನ್ರಿ."

"ಇದು ಎಲ್ಲಿಯ ಭಾಷೆ ಮಾರಾಯ?" ಅವರು ನಕ್ಕರು.

'ನಮ್ಮೂರಿನದು' ಎನ್ನಲು ಹೊರಟೆ. ಯಾವ ಊರೆಂದು ಕೇಳಿದರೆ ಏನು ಹೇಳಲಿ ಎಂದು ಹೆದರಿ, ಫೋನಿಟ್ಟು ಸಲಿಕೆ ಕೈಗೆತ್ತಿಕೊಂಡೆ.