ನಟ್ಟಿನ ಮೇಲಿನ ಕೆಂಪು ಗೆರೆ

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಟ್ಯಾಕ್ಸಿಯವರು ಇಟ್ಟ ಹೆಸರು ‘ಕಿವಿ’. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಒಂದು ಸುತ್ತು ಹೋಗಿಬಂದರೆ ಸಾಕು, ಯಾವ ಚಕ್ರದ ಹಿಂದೆ ಯಾವ ನಟ್ಟು ಗೊಣಗುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಹೆಂಡತಿ ಕರೆದಾಗ ಮಾತ್ರ ಆ ಕಿವಿಗೆ ಏನೂ ಕೇಳುವುದಿಲ್ಲ ಎಂದು ನಾವು ಛೇಡಿಸುತ್ತಿದ್ದೆವು. ಬೇರೆ ಗ್ಯಾರೇಜಿನವರು “ಯಜಮಾನ್ರನ್ನ ಕಳಿಸಮ್ಮ” ಎಂದು ನನ್ನನ್ನು ಸಾಗಹಾಕುತ್ತಿದ್ದ ಕಾಲದಲ್ಲಿ, ಟ್ಯಾಕ್ಸಿ ಓಡಿಸುವ ಹೆಂಗಸಿನ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ.

ಬಿಗಿ ಮಾಡಿದ ನಟ್ಟಿನ ಮೇಲೆ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆಯುವುದು ಅವರ ಅಭ್ಯಾಸ. ಗೆರೆ ನಟ್ಟಿನಿಂದ ಇಳಿದು ಪಕ್ಕದ ಕಬ್ಬಿಣದ ಮೇಲೂ ಹೋಗಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಅವರಿಗೊಬ್ಬ ತಮ್ಮ. ಮಗನ ಹಾಗೆ ಸಾಕಿ, ಕೈಹಿಡಿದು ಕೆಲಸ ಕಲಿಸಿದ್ದರು. ಮಂಡಿ ಸವೆದ ಮೇಲೆ ಅಣ್ಣ ಚಕ್ರ ಬಿಚ್ಚಿ ಪಕ್ಕದಿಂದಲೇ ಕೆಲಸ ಮಾಡುತ್ತಿದ್ದರು. ಗುಂಡಿಗೆ ಇಳಿದು ಕಾರಿನ ಅಡಿ ನೋಡುವವನು, ಕಾರು ತೊಳೆದು ಗಿರಾಕಿಗೆ ಒಪ್ಪಿಸುವವನು ತಮ್ಮ. ಅವನು ನೋಡಿದರೆ ತಾನೇ ನೋಡಿದ ಹಾಗೆ ಎಂದು ಅಣ್ಣ ನಂಬಿದ್ದರು.

ಈಚೆಗೆ ಸದ್ದು ಹೋಯಿತು ಎಂದು ಅವರು ಕಳಿಸಿದ ಗಾಡಿಗಳು ಅದೇ ಸದ್ದಿನೊಂದಿಗೆ ವಾಪಸು ಬರತೊಡಗಿದವು. ಗುಂಡಿಯಿಂದ ಎದ್ದ ತಮ್ಮ, “ಅಡಿಯಲ್ಲಿ ಎಲ್ಲ ಸರಿಯಾಗಿದೆ ಅಣ್ಣಾ. ಸದ್ದು ಹೋಗೇ ಇರ್ಲಿಲ್ಲ, ನಿಂಗೆ ಕೇಳಿಸ್ಲಿಲ್ಲ ಅಷ್ಟೇ” ಎನ್ನುತ್ತಿದ್ದ. ಗಿರಾಕಿಗಳೆದುರಿಗೂ ಅದನ್ನೇ ಹೇಳುತ್ತಿದ್ದ. ಕೊನೆಗೆ ಅಣ್ಣನೂ ಅದನ್ನು ನಂಬಿಬಿಟ್ಟರು. ನನ್ನ ಕಾರು ಮತ್ತೆ ಟಕ್ ಟಕ್ ಎನ್ನುತ್ತ ಬಂದ ದಿನ ಅವರ ಮುಖ ನೋಡಲಾಗಲಿಲ್ಲ.

“ಬೇರೆ ಕಡೆ ತೋರ್ಸಮ್ಮ. ನನ್ನ ಕಿವಿ ಹೋಯ್ತು. ನಾಳೆ ಬೀಗದ ಕೈ ತಮ್ಮನಿಗೆ ಕೊಟ್ಟುಬಿಡ್ತೀನಿ,” ಎಂದರು.

ನನಗೆ ರೇಗಿತು. “ಕಿವಿ ಹೋದ್ರೆ ಹೋಗ್ಲಿ ಮೇಸ್ತ್ರಿ, ಕಣ್ಣಿದೆಯಲ್ಲ!” ಎಂದು ಗಾಜಿಗೆ ಅಂಟಿಸಿದ್ದ ಪುಟ್ಟ ಕ್ಯಾಮೆರಾ ಕಿತ್ತುಕೊಟ್ಟೆ. ಸಾಮಾನು ತರಲು ತಮ್ಮ ಪೇಟೆಗೆ ಹೋಗಿದ್ದ. ಮೇಸ್ತ್ರಿ ಮುಂಚಕ್ರದ ಹಿಂದೆ ಕೈ ತೂರಿಸಿ, ತಡವಿಕೊಂಡೇ, ಕಳೆದ ಸಲ ತಾವೇ ಹಾಕಿದ್ದ ಹೊಸ ರಾಡಿಗೆ ಮುಖಮಾಡಿ ಅದನ್ನು ಬಿಗಿಯಾಗಿ ಕಟ್ಟಿದರು. ಹಳ್ಳಕೊಳ್ಳದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದೆ.

ಮೊಬೈಲಿನಲ್ಲಿ ಇಬ್ಬರೂ ನೋಡಿದೆವು. ಕಾರು ಹಳ್ಳಕ್ಕೆ ಬಿದ್ದಾಗಲೆಲ್ಲ ರಾಡು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಮೇಸ್ತ್ರಿ ಹಾಕಿದ್ದ ಹೊಸದಲ್ಲ, ಉಜ್ಜಿ ಹೊಳಪು ಮಾಡಿದ ಹಳೆಯ ರಾಡು. ನಟ್ಟಿನ ಮೇಲೆ ಕೆಂಪು ಬಣ್ಣವೂ ಇತ್ತು, ಆದರೆ ಬರೀ ಒಂದು ಬೊಟ್ಟು.

ಅಷ್ಟರಲ್ಲಿ ತಮ್ಮ ಬಂದ. ಮೇಸ್ತ್ರಿ ಮೊಬೈಲನ್ನು ಅವನ ಮುಂದೆ ಹಿಡಿದರು.

“ನಾನು ಗೆರೆ ಎಳೀತೀನಿ ಕಣೋ. ಬೊಟ್ಟಿಟ್ಟವನು ಯಾರು?”

“ಯಾವುದಾದ್ರೇನಣ್ಣಾ, ಅದು ನಿನ್ನ ಗುರುತು ತಾನೇ…” ಎಂದವನು ನಾಲಿಗೆ ಕಚ್ಚಿಕೊಂಡ.

ಇಷ್ಟು ವರ್ಷ ಪಕ್ಕದಲ್ಲೇ ನಿಂತು ಕಲಿತವನಿಗೆ ಆ ಗೆರೆ ಯಾಕೆಂದೇ ಗೊತ್ತಿರಲಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

“ನೀನಾಗಿ ಯಾವತ್ತೂ ಗ್ಯಾರೇಜು ಬಿಡ್ತಿರ್ಲಿಲ್ಲ ಅಣ್ಣಾ,” ಎಂದ ತಮ್ಮ, ನೆಲ ನೋಡುತ್ತ. “ನಾನು ಮೇಸ್ತ್ರಿ ಆಗೋದು ಯಾವಾಗ?”

“ಕೇಳಿದ್ರೆ ಕೊಡ್ತಿದ್ದೆನಲ್ಲೋ! ಕಿವಿ ಹೋಯ್ತು ಅಂತ ದಿನಾ ಸಾಯ್ತಿದ್ದೆ. ಈಗ ನೋಡಿದ್ರೆ ಅದು ಸರಿಯಾಗೇ ಇದೆ.” ಮೇಸ್ತ್ರಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು. “ನಿಜವಾಗ್ಲೂ ಹೋಗಿದ್ದಿದ್ರೇ ಚೆನ್ನಾಗಿತ್ತು.”

ಕಾರನ್ನು ಗುಂಡಿಯ ಮೇಲೆ ನಿಲ್ಲಿಸಲು ನನಗೆ ಹೇಳಿದರು. ಅಭ್ಯಾಸಬಲದಿಂದ ತಮ್ಮ ಇಳಿಯಲು ಮುಂದೆ ಬಂದ, ಆಮೇಲೆ ಅಣ್ಣನಿಗೆ ಆಸರೆಗೆಂದು ಕೈಚಾಚಿದ. ಮೇಸ್ತ್ರಿ ಆ ಕೈ ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು, ನೋಯುವ ಮಂಡಿಯನ್ನು ಎಳೆಯುತ್ತ, ತಾವೇ ಗುಂಡಿಗೆ ಇಳಿದರು.