ಕಾಕಾನ ಕರಿ ನಾಣ್ಯ

ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು, ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಹೆಡ್‌ಫೋನು. ಭಾನುವಾರ ಬೆಳಿಗ್ಗೆ ಕಾಕಾ ಈ ವೇಷದಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿದರೆ ಪ್ಯಾಂಟು ಹೆಜ್ಜೆಹೆಜ್ಜೆಗೂ ಕೀಚ್ ಕೀಚ್ ಎನ್ನುತ್ತಿತ್ತು. ಹಿಂದೆಯೇ ಅವರ ಹೆಂಡತಿ ಕಾಕೂ ಬಾಲ್ಕನಿಗೆ ಬಂದು, "ಬರೋವಾಗ ಕೊತ್ತಂಬರಿ ತಗೊಂಬರ್ರಿ, ಬರೇ ಬಾಟ್ಲಿ ಮುಚ್ಚಳ ತರಬ್ಯಾಡ್ರಿ," ಎಂದು ಇಡೀ ಫ್ರೀಮಾಂಟ್ ಊರಿಗೆ ಕೇಳುವಂತೆ ಕೂಗುತ್ತಿದ್ದರು.

ಧಾರವಾಡದ ಈ ದಂಪತಿ ನಮ್ಮ ಮೇಲಿನ ಮನೆಯವರು. ಮಂಡ್ಯದ ನನ್ನ ಬಾಯಲ್ಲಿ ಅವರು ಮೊದಲು ಅಂಕಲ್, ಆಂಟಿಯಾಗಿದ್ದರು. ಕಾಕೂ ಗದರಿಸಿ ತಿದ್ದಿದರು. ಮದುವೆಯಾಗಿ ಈ ಪರದೇಶಕ್ಕೆ ಬಂದ ಹೊಸದು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ, ಗಂಡನ ಸ್ಟಾರ್ಟಪ್ಪಿಗೆ ಭಾನುವಾರವೆಂಬುದೇ ಇರಲಿಲ್ಲ. ಕಿಟಕಿಯ ಬಳಿ ಮುಖ ಊದಿಸಿಕೊಂಡು ಕೂತಿದ್ದವಳನ್ನು ಕಂಡು ಒಂದು ದಿನ ಕಾಕಾ, "ಏಳವಾ ತಂಗಿ, ಜರಡಿ ಹಿಡೀಲಿಕ್ಕೆ ಒಬ್ರು ಬೇಕಾಗ್ಯಾರ," ಎಂದರು. ನಾನು ಎದ್ದೆ.

ಸಮುದ್ರದ ಇಳಿತದ ಹೊತ್ತಿಗೆ ಅವರು ಸೊಂಟದುದ್ದ ನೀರಿನಲ್ಲಿ ನಿಂತು, ಲೋಹ ಹುಡುಕುವ ಯಂತ್ರವನ್ನು ಅತ್ತಿತ್ತ ಆಡಿಸುತ್ತಿದ್ದರು. ಕಿವಿಯಲ್ಲಿ ಸದ್ದಾದರೆ ಅಲ್ಲಿಯ ಮರಳನ್ನು ಬಾಚಿ ನನ್ನ ಜರಡಿಗೆ ಸುರಿಯುವರು. ಸಿಕ್ಕುತ್ತಿದ್ದುದು ಮುಚ್ಚಳ, ಬೀಗದ ಕೈ, ಗಾಳದ ಸೀಸ. ಒಂದನ್ನೂ ಎಸೆಯದೆ ತೊಳೆದು, ಒರೆಸಿ, ಹಾರ್ಲಿಕ್ಸ್ ಬಾಟಲಿಗೆ ಹಾಕಿಡುವರು. ಆಗ ಯಾರ ಮನೆಗೆ ಊಟಕ್ಕೆ ಹೋದರೂ ಷೇರಿನದೇ ಮಾತು. ಕಾಕಾಗೆ ಅದೇನೂ ಬೇಡ. ಸ್ಪೇನಿನವರು ಈ ಕರಾವಳಿಯನ್ನು ಆಳುತ್ತಿದ್ದಾಗಿನ ಒಂದು ನಾಣ್ಯ ಬೇಕು, ಅಷ್ಟೆ. ಅವರ ಹುಡುಕಾಟದ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನವಿರುತ್ತಿತ್ತು. ಒಂಬತ್ತು ವರ್ಷವೂ ಮುಚ್ಚಳಗಳನ್ನೇ ಜೋಡಿಸಿಟ್ಟು ಎಲ್ಲರ ಜೊತೆ ತಾವೂ ನಕ್ಕು ಬಂದಿದ್ದರು. "ಸಮುದ್ರಕ್ಕ ಗಡಿಬಿಡಿ ಇಲ್ಲ, ನಮಗ್ಯಾಕ?" ಎನ್ನುತ್ತಿದ್ದರೂ, ಒಮ್ಮೆ ಕಾರಿನಲ್ಲಿ ಮೆಲ್ಲಗೆ, "ಒಂದ ಸಲ ಸಿಗಬೇಕು ನೋಡು," ಎಂದಿದ್ದರು.

ಆ ಭಾನುವಾರ ಜರಡಿಯಲ್ಲಿ ಕಪ್ಪು ಬಿಲ್ಲೆಯೊಂದು ಉಳಿಯಿತು. ಇನ್ನೊಂದು ಮುಚ್ಚಳವೆಂದುಕೊಂಡೆ. ಕಾಕಾ ಬೆಳಕಿಗೆ ಹಿಡಿದರು: ಎರಡು ಕಂಬ, ಒಂದು ಕಿರೀಟ, ಸ್ಪೇನಿನ ಬೆಳ್ಳಿ ನಾಣ್ಯದ್ದೇ ಗುರುತು. ನೀರಿನಲ್ಲೇ ಕುಣಿದುಬಿಟ್ಟರು! ಪ್ಯಾಂಟಿನೊಳಗೆ ನೀರು ತುಂಬಿ ಹೆಜ್ಜೆ ಎತ್ತಲಾಗದೆ ದಂಡೆಯಲ್ಲಿ ಕೂತವರ ಕಾಲಿನಿಂದ ಅದನ್ನು ಎಳೆಯುವಷ್ಟರಲ್ಲಿ ನಕ್ಕೂ ನಕ್ಕೂ ನನಗೆ ಹೊಟ್ಟೆನೋವು.

"ನಿನ್ನ ಕೈಗುಣ ಇದು. ಬರೋ ಶನಿವಾರ ಪ್ರದರ್ಶನ. ಅಲ್ಲೀತನಕ ನಿನ್ನ ಹತ್ರನ ಇರಲಿ. ನಮ್ಮಾಕಿ ಕಸದಾಗ ಹಾಕ್ಯಾಳು," ಎಂದರು ಕಾಕಾ.

ಶುಕ್ರವಾರ ದೀಪಗಳನ್ನು ವಿಭೂತಿಯಲ್ಲಿ ತಿಕ್ಕುವಾಗ ನಾಣ್ಯವನ್ನೂ ತಿಕ್ಕಿದೆ. ಲಕ್ಷ್ಮಿಯ ಮುಂದಿಡುವ ಬೆಳ್ಳಿ ಕಪ್ಪಗಿರಬಹುದೇ? ಫಳಫಳ ಹೊಳೆಯುವ ತನಕ ಬಿಡಲಿಲ್ಲ. ಕುಂಕುಮವಿಟ್ಟೆ, ಹೂವಿಟ್ಟೆ. ಮರುದಿನ ಬೀಗುತ್ತ ತಟ್ಟೆಯಲ್ಲಿಟ್ಟು ಕಾಕಾ ಮುಂದೆ ಹಿಡಿದೆ.

ಅವರ ಮುಖ ಕಳೆಗುಂದಿತು. ಆ ಕಪ್ಪೇ ಹಳೆಯ ನಾಣ್ಯದ ಮರ್ಯಾದೆ, ತಿಕ್ಕಿದ್ದನ್ನು ಬಲ್ಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ.

"ತಪ್ಪಾಯ್ತು ಕಾಕಾ, ನಂಗೊತ್ತಿರ್ಲಿಲ್ಲ," ಎಂದು ಅತ್ತುಬಿಟ್ಟೆ.

ಬಹಳ ಹೊತ್ತು ನಾಣ್ಯವನ್ನು ತಿರುಗಿಸಿ ನೋಡಿದರು. ಆಮೇಲೆ, "ಕಣ್ಣೊರಸಿಕೊ. ನೀನೂ ಬಾ," ಎಂದರು.

ಕ್ಲಬ್ಬಿನ ಹಿರಿಯನೊಬ್ಬ ನಾಣ್ಯ ನೋಡಿ, ಇದನ್ನು ಯಾರು ಹೀಗೆ ಮಾಡಿದ್ದು ಎಂದು ಹುಬ್ಬು ಗಂಟಿಕ್ಕಿದ. ನಾನು ನೆಲ ನೋಡಿದೆ. ಕಾಕಾ ಎದ್ದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಮನೆಗೆ ಬಂದು ಅದನ್ನೇ ಕಾಕೂಗೆ ಕನ್ನಡದಲ್ಲಿ ಒಪ್ಪಿಸಿದರು: "ಇನ್ನೂರು ವರ್ಷ ನೀರಾಗ ಬಿದ್ದಿತ್ತು. ಹೊರಗ ಬಂದ ಮ್ಯಾಲೆ ಅದಕ್ಕ ಮೊದಲ ಪೂಜಾ ಮಾಡಿದಾಕಿ ನಮ್ಮನಿ ಮಗಳು. ಬ್ಯಾರೆ ಯಾರ ನಾಣ್ಯಕ್ಕದ ಈ ಭಾಗ್ಯ?" ಆ ಉತ್ತರಕ್ಕೆ ಕ್ಲಬ್ಬಿನ ಸಭೆ ಚಪ್ಪಾಳೆ ತಟ್ಟಿತು. ಬಹುಮಾನ ಮಾತ್ರ ಯಾವುದೋ ಸಿಪಾಯಿಯ ಅಂಗಿಯ ಹಿತ್ತಾಳೆ ಗುಂಡಿಗೆ ಹೋಯಿತು. ನಾವು ಅಲ್ಲಿಟ್ಟಿದ್ದ ಡೋನಟ್ ತಿಂದು, ಫ್ರೀವೇ ಉದ್ದಕ್ಕೂ ನಗುತ್ತ ಬಂದೆವು.

ಮುಂದೆ ನನಗೆ ಕಾರು ಕಲಿಸಿದವರೂ ಅವರೇ. ಪರದೇಶದಲ್ಲಿ ನನಗೊಂದು ತವರು ಇತ್ತೆಂದರೆ ಅದು ಆ ಮೇಲಿನ ಮನೆ.

ಕಾಕಾ ತೀರಿಕೊಂಡ ಮೇಲೆ ಕಾಕೂ ಹಾರ್ಲಿಕ್ಸ್ ಬಾಟಲಿಯನ್ನು ತಂದು, "ನಿನಗಂತ ಹೇಳಿಟ್ಟಿದ್ರು," ಎಂದು ಕೈಗಿತ್ತರು. ಥಳಥಳಿಸುವ ಮುಚ್ಚಳಗಳ ನಡುವೆ ನಾಣ್ಯವಿತ್ತು. ಅದು ತನ್ನಷ್ಟಕ್ಕೆ ಮತ್ತೆ ಕಪ್ಪಾಗಿತ್ತು. ಎರಡು ಕಂಬಗಳ ಸಂದಿನಲ್ಲಿ ಅಂದು ನಾನಿಟ್ಟ ಕುಂಕುಮ ಹಾಗೆಯೇ ಇತ್ತು. ಒಂದೊಂದು ಮುಚ್ಚಳವನ್ನೂ ತೊಳೆದಿಡುತ್ತಿದ್ದ ಮನುಷ್ಯ ಇದೊಂದನ್ನು ತೊಳೆದಿರಲಿಲ್ಲ.