ಅಕ್ಕ ಕೆಲಸ ಬಿಟ್ಟಿದ್ದ ಎರಡು ತಿಂಗಳು

ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ನಮ್ಮಂಥ ಹೆಂಗಸರಿಗೆ ಪಿ.ಎಫ್. ಅಂದರೆ ಅಡುಗೆಮನೆಯ ಸಾಸಿವೆ ಡಬ್ಬಿ. ಕಷ್ಟ ಬಂದಾಗ ಕೈ ಹಾಕುವುದು ಅಲ್ಲಿಗೇ. ಪೂರ್ತಿ ಎತ್ತಬೇಕಾದರೆ ಎರಡು ತಿಂಗಳು ಕೆಲಸವಿಲ್ಲ ಅಂತ ತೋರಿಸಬೇಕು. ಅದಕ್ಕೇ ರಾಜೀನಾಮೆ ಬರೆದುಕೊಟ್ಟು, ದುಡ್ಡು ಬಂದಮೇಲೆ ಹೊಸ ಹಾಜರಿ ಟೋಕನ್ ಹಿಡಿದು ಅದೇ ಗೇಟಿನಲ್ಲಿ ಒಳಗೆ ಹೋಗುವುದು ಗೌರಿಬಿದನೂರಿನ ನಮ್ಮ ಫ್ಯಾಕ್ಟರಿಯಲ್ಲಿ ವಾಡಿಕೆ. ಐದು ವರ್ಷ ಬಿಡದೆ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಅಂತ ಇಡಿಗಂಟು ಒಂದಿದೆ, ಹೀಗೆ ಮಾಡಿದರೆ ಅದಕ್ಕೆ ಕತ್ತರಿ ಬೀಳುತ್ತದೆ ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮಗಳ ನರ್ಸಿಂಗ್ ಫೀಸಿಗೆಂದು ನನ್ನಕ್ಕನೂ ಹಾಗೇ ಬರೆದುಕೊಟ್ಟಳು. ಆದರೆ ಶಿಪ್‌ಮೆಂಟ್ ತಲೆಮೇಲಿತ್ತು. ಸೂಪರ್‌ವೈಸರ್ ಅವಳನ್ನು ಮನೆಗೆ ಕಳಿಸಲಿಲ್ಲ. ಆ ಎರಡು ತಿಂಗಳೂ ಟೋಕನ್ ಇಲ್ಲದೆ ಕಾಲರ್ ಹೊಲಿದಳು, ಕೂಲಿ ಕೈಗೆ ಕೊಟ್ಟರು. ಆಗಷ್ಟೇ ಸೇರಿದ್ದ ನಾನು ಪಕ್ಕದ ಮಿಷನ್ನಿನಲ್ಲಿದ್ದೆ.

ಈಗ ಸೊಂಟ ನೋವಿಗೆ ಅಕ್ಕ ಕೆಲಸ ಬಿಟ್ಟಳು. ಹಿಂದೆ ನಾಲ್ಕು ವರ್ಷ, ಆಮೇಲೆ ನಾಲ್ಕು ವರ್ಷ. ಎರಡೂ ಬೇರೆ ಬೇರೆ, ಐದು ಎಲ್ಲೂ ತುಂಬಿಲ್ಲ ಅಂದರು ಆಫೀಸಿನವರು. ಎಂಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನಗೆ ಮೈ ಉರಿದುಹೋಯಿತು. ನಾನೇ ಅವಳನ್ನು ಎಳೆದುಕೊಂಡು ಹೋಗಿ, ನಡುವಿನ ಎರಡು ತಿಂಗಳೂ ದುಡಿದಿದ್ದಾಳೆ, ಎಂಟು ವರ್ಷವೂ ಒಂದೇ ಲೆಕ್ಕ ಅಂತ ಚಿಕ್ಕಬಳ್ಳಾಪುರದ ಲೇಬರ್ ಆಫೀಸಿನಲ್ಲಿ ಅರ್ಜಿ ಕೊಡಿಸಿದೆ.

ವಿಚಾರಣೆಯ ದಿನ ನಮ್ಮೂರು ಮಂಚೇನಹಳ್ಳಿಯಿಂದ ಇಬ್ಬರೂ ಬಸ್ಸು ಹತ್ತಿದೆವು. ಆ ಎರಡು ತಿಂಗಳು ಜೊತೆಗೆ ಹೊಲಿದವರು ಯಾರೂ ಬಾಯಿ ಬಿಡಲು ಒಪ್ಪಿರಲಿಲ್ಲ. ಉಳಿದ ಸಾಕ್ಷಿ ನಾನೊಬ್ಬಳೇ. ನನಗೆ ಐದು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿತ್ತು, ಅಷ್ಟರೊಳಗೆ ಕೆಲಸದಿಂದ ತೆಗೆದರೆ ನನ್ನ ಗ್ರಾಚ್ಯುಟಿಯೂ ಹೋದಂತೆ. ಲೇಬರ್ ಆಫೀಸಿನಲ್ಲಿ ಎದುರು ಕುರ್ಚಿಯಲ್ಲಿ ನಮ್ಮ ಫ್ಯಾಕ್ಟರಿಯ ಮ್ಯಾನೇಜರೇ ಕೂತಿದ್ದರು.

"ಆ ಎರಡು ತಿಂಗಳು ನೀವು ಕೆಲಸಕ್ಕೆ ಹೋಗಿದ್ರಿ ಅನ್ನೋದಕ್ಕೆ ಯಾರಿದಾರಮ್ಮ?" ಅಧಿಕಾರಿ ಅಕ್ಕನನ್ನು ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು, ಮ್ಯಾನೇಜರ್ ಕಡೆ ನೋಡಿದಳು.

"ಯಾರೂ ಇಲ್ಲ ಸಾರ್," ಅಂದಳು. "ಇವಳು ನನ್ನ ತಂಗಿ. ಸುಮ್ನೆ ಜೊತೆಗೆ ಬಂದವ್ಳೆ. ಇವಳಿಗೇನೂ ಗೊತ್ತಿಲ್ಲ. ಬಿಟ್ಬಿಡಿ ಸಾರ್, ನಂಗೇನೂ ಬೇಡ."

ಅವಳಿಗೆ ಯಾವಾಗಲೂ ಇದೇ ರೋಗ, ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು ನನಗಿಡುವುದು. ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ನುಗ್ಗಿತು.

"ಸುಳ್ಳು ಹೇಳ್ತಾವ್ಳೆ ಸಾರ್. ಒಂದಿನಾನೂ ತಪ್ಪಿಸಿಲ್ಲ. ಪಕ್ಕದ ಮಿಷನ್ನಲ್ಲಿದ್ದೋಳು ನಾನೇ."

"ಬಾಯ್ಮುಚ್ಕೊಂಡು ಕೂತ್ಕೊಳೇ," ಅಂತ ಅಕ್ಕ ನನ್ನ ಸೆರಗು ಜಗ್ಗಿದಳು. ಅಧಿಕಾರಿ ಬರೆದುಕೊಳ್ಳತೊಡಗಿದರು.

ಮ್ಯಾನೇಜರ್ ಮೊದಲ ಸಲ ನನ್ನ ಮುಖ ನೋಡಿ, ನಗುತ್ತಲೇ ಕೇಳಿದರು: "ನಿನ್ನ ಟೋಕನ್ ನಂಬರ್ ಎಷ್ಟಮ್ಮ?"

ಹೇಳಿದೆ. ಅವರು ಬರೆದುಕೊಳ್ಳಲಿ ಅಂತ ಇನ್ನೊಂದು ಸಲ, ನಿಧಾನವಾಗಿ ಹೇಳಿದೆ.